ತಂತಿ ಇದೆ, ಪಕ್ಕದಲ್ಲಿ ಕರೆಂಟೂ ಇದೆ. ಆದರೂ ಫ್ರೀಟೌನ್ ಏಕೆ ಕತ್ತಲಾಯಿತು?

ವರದಾಮೂಲ, ಸಾಗರ

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು ನಾನು. ನೆರೆ ದೇಶಗಳ ನಡುವಿನ ವ್ಯಾಪಾರದ ಪಾಠಕ್ಕೆ ಅಕ್ಕಿ, ಬಟ್ಟೆ, ಮೋಟಾರುಗಳ ಉದಾಹರಣೆ ಕೊಟ್ಟು ಕೊಟ್ಟು ಬೇಸತ್ತು ಈ ವರ್ಷ ಕರೆಂಟನ್ನು ಎತ್ತಿಕೊಂಡೆ. ಪಶ್ಚಿಮ ಆಫ್ರಿಕಾದ ವಿಷಯ ಓದುತ್ತ ಹೋದಂತೆ ಒಂದು ಪ್ರಶ್ನೆ ಗಂಟುಬಿದ್ದು ಕುಳಿತಿದೆ. ವಿದ್ಯುತ್ ಇಲಾಖೆಯಲ್ಲಿ ದುಡಿದವರು, ಆ ಕಡೆ ಇದ್ದು ಬಂದವರು ಇಲ್ಲಿದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ಐವರಿ ಕೋಸ್ಟಿನ ಮಾನ್ ಪಟ್ಟಣದಿಂದ ಹೊರಟು, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ಗಳನ್ನು ಹಾದು ಗಿನಿಯ ಲಿನ್ಸಾನ್ ಮುಟ್ಟುವ 225 ಕಿಲೋವೋಲ್ಟಿನ ಒಂದು ಮಾರ್ಗವಿದೆ. ಉದ್ದ ಸುಮಾರು 1,300 ಕಿಲೋಮೀಟರ್, ವೆಚ್ಚ ಸುಮಾರು 50 ಕೋಟಿ ಡಾಲರ್. ವಿಶ್ವ ಬ್ಯಾಂಕ್, ಆಫ್ರಿಕಾ ಅಭಿವೃದ್ಧಿ ಬ್ಯಾಂಕ್, ಯುರೋಪಿನ ಹೂಡಿಕೆ ಬ್ಯಾಂಕ್ ಎಲ್ಲವೂ ಸೇರಿ ಹಣ ಹಾಕಿವೆ. ನಾಲ್ಕು ದೇಶಗಳ ವಿದ್ಯುತ್ ಕಂಪನಿಗಳು ಕೂಡಿ ಕಟ್ಟಿಕೊಂಡ ಟ್ರಾನ್ಸ್‌ಕೋ ಸಿಎಲ್‌ಎಸ್‌ಜಿ ಎಂಬ ಸಂಸ್ಥೆ ಅಬಿಜಾನ್‌ನಲ್ಲಿ ಕುಳಿತು ಅದನ್ನು ನಡೆಸುತ್ತದೆ. ಈ ನಾಲ್ಕರಲ್ಲಿ ಮೂರು ದೇಶಗಳು ಒಂದೇ ತಲೆಮಾರಿನಲ್ಲಿ ಅಂತರ್ಯುದ್ಧ ಕಂಡವು. ನಾಲ್ಕನೆಯ ಗಿನಿಯಲ್ಲಿ 2021ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಇಂಥವರು ಒಂದು ತಂತಿಗೆ ಒಪ್ಪಿದ್ದೇ ದೊಡ್ಡ ಸಂಗತಿ ಎಂದು ನನಗೆ ನಿಜಕ್ಕೂ ಸಂತೋಷವಾಯಿತು.

ಆಮೇಲೆ ಓದಿದ್ದು 2024ರ ಏಪ್ರಿಲ್ ತಿಂಗಳ ಸುದ್ದಿ. ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್ ವಾರಗಟ್ಟಲೆ ಕತ್ತಲಲ್ಲಿ ಕಳೆಯಿತು. ಇಂಧನ ಸಚಿವರು ರಾಜೀನಾಮೆ ಕೊಟ್ಟರು. ಬಂದರಿನಲ್ಲಿ ನಿಂತು ಕರೆಂಟು ಮಾರುವ ಟರ್ಕಿಯ ಹಡಗಿಗೂ ಈ ಟ್ರಾನ್ಸ್‌ಕೋ ಸಂಸ್ಥೆಗೂ ಸೇರಿಸಿ ಸರ್ಕಾರ 1.85 ಕೋಟಿ ಡಾಲರ್ ಬಾಕಿ ಕಟ್ಟಿತು. ಅಂದರೆ ತಂತಿ ಹರಿದಿರಲಿಲ್ಲ. ಯಾರೂ ಟವರ್ ಉರುಳಿಸಿರಲಿಲ್ಲ. ಬಿಲ್ಲು ಕಟ್ಟಿರಲಿಲ್ಲ, ಅಷ್ಟೇ. ಕೊಳ್ಳುವವರ ಕೈಯಲ್ಲಿ ಕಾಸಿಲ್ಲದ ಕಡೆ ಇಷ್ಟು ದೊಡ್ಡ ವ್ಯಾಪಾರ ಕಟ್ಟಿದ್ದು ಸರಿಯೇ?

ಕಂಬತಂತಿ, ಹುಬ್ಬಳ್ಳಿ

ಮೇಡಂ, ಆ ಮಾರ್ಗದ ಲೈಬೀರಿಯಾ ಭಾಗದಲ್ಲಿ ತಂತಿ ಎಳೆದವರಲ್ಲಿ ನಾನೂ ಒಬ್ಬ. ಗುತ್ತಿಗೆ ಕಂಪನಿಯ ಹೆಸರು ಬೇಡ. ಅಲ್ಲಿ ಮೂರು ಬೇಸಿಗೆ ಕಳೆದೆ. ಬೇಸಿಗೆ ಎಂದು ಏಕೆ ಹೇಳುತ್ತೇನೆಂದರೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಕೆಲಸ ಎಂಬುದು ಬರಿಯ ಹೆಸರಿಗೆ. ಮಾನ್ರೋವಿಯಾ ಜಗತ್ತಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ರಾಜಧಾನಿಗಳಲ್ಲಿ ಒಂದು. ಆಗುಂಬೆಯ ಮಳೆಯನ್ನು ಸಮುದ್ರದ ದಂಡೆಗೆ ತಂದು ಸುರಿದ ಹಾಗೆ. ಕೆಂಪು ಮಣ್ಣಿನ ರಸ್ತೆಯಲ್ಲಿ ಕಂಡಕ್ಟರ್ ಡ್ರಮ್, ಅಂದರೆ ತಂತಿ ಸುತ್ತಿದ ದೊಡ್ಡ ಉರುಳೆ, ಹೊತ್ತ ಲಾರಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಹಳ್ಳಗಳಿಗೆ ಮರದ ದಿಮ್ಮಿ ಹಾಸಿದ ಸೇತುವೆಗಳು. ಡ್ರಮ್ ದಾಟಿಸುವ ಮೊದಲು ಊರಿನವರೇ ಬಂದು, ಕೊಳೆತ ದಿಮ್ಮಿ ತೆಗೆದು ಹೊಸದು ಹಾಸಿಕೊಡುತ್ತಿದ್ದರು.

ಮೊದಲ ವಾರವೇ ನನಗೊಂದು ಅಚ್ಚರಿ ಕಾದಿತ್ತು. ಲೈಬೀರಿಯಾದ ಜನ ವಿದ್ಯುತ್ತಿಗೆ ಹೇಳುವ ಮಾತು "ಕರೆಂಟ್". ನಮ್ಮ ಅಜ್ಜಿ ಹೇಳುತ್ತಿದ್ದ ಅದೇ ಮಾತು. "ಕರೆಂಟ್ ಬಂತೇ", "ಕರೆಂಟ್ ಹೋಯಿತು" ಎಂಬುದು ಅಲ್ಲಿಯೂ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುತ್ತದೆ. ಆ ದೇಶದ ಉಳಿದ ಇಂಗ್ಲಿಷ್ ನನಗೆ ಅರ್ಥವಾಗಲು ಎರಡು ತಿಂಗಳು ಬೇಕಾಯಿತು; ಈ ಒಂದು ಮಾತಿಗೆ ಮಾತ್ರ ದುಭಾಷಿ ಬೇಕಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಲೈಬೀರಿಯಾ ಏನನ್ನು ಕಳೆದುಕೊಂಡಿತ್ತು ಎಂಬುದರಿಂದ ಶುರು ಮಾಡಬೇಕು. ಮಾನ್ರೋವಿಯಾದ ಮೇಲ್ಗಡೆ ಸೇಂಟ್ ಪಾಲ್ ನದಿಗೆ ಮೌಂಟ್ ಕಾಫಿ ಎಂಬ ಜಲವಿದ್ಯುತ್ ಕೇಂದ್ರವಿದೆ. 1960ರ ದಶಕದ್ದು. 1990ರಲ್ಲಿ ಯುದ್ಧ ಅಲ್ಲಿಗೆ ಬಂದಾಗ ಸಿಬ್ಬಂದಿ ಓಡಿಹೋಗಬೇಕಾಯಿತು. ಮಳೆಗಾಲದಲ್ಲಿ ಗೇಟು ಎತ್ತುವವರೇ ಇರಲಿಲ್ಲ. ನೀರು ಒಡ್ಡಿನ ಮೇಲೆ ಹರಿದು ಒಡ್ಡೇ ಒಡೆಯಿತು. ಒಂದು ಗುಂಡೂ ತಗಲದೆ ಅಣೆಕಟ್ಟು ಸತ್ತ ರೀತಿ ಅದು. ಆಮೇಲೆ ಯಂತ್ರಗಳನ್ನು ಬಿಚ್ಚಿ ಗುಜರಿಗೆ ಮಾರಿದರು. ನಗರದ ತಂತಿಗಳನ್ನು ತಾಮ್ರಕ್ಕಾಗಿ ಕಿತ್ತರು. 2006ರ ಜುಲೈ 26ರಂದು, ಸ್ವಾತಂತ್ರ್ಯ ದಿನ, ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಕೆಲವು ಬೀದಿಗಳ ದೀಪ ಹೊತ್ತಿಸಿದಾಗ, ಹದಿನೈದು ವರ್ಷದ ಹುಡುಗರು ಹುಟ್ಟಿದ ಮೇಲೆ ಮೊದಲ ಸಲ ಬೀದಿದೀಪ ನೋಡಿದ್ದರು. ನಮ್ಮ ತಂಡದ ಲೈನ್‌ಮ್ಯಾನ್ ಒಬ್ಬ ಆ ಹುಡುಗರಲ್ಲಿ ಒಬ್ಬನಾಗಿದ್ದ. ಆ ರಾತ್ರಿ ಕಂಬದ ಕೆಳಗೆ ಕುಳಿತು ಬೆಳಗಿನವರೆಗೆ ಎದ್ದಿದ್ದನಂತೆ.

ಮೌಂಟ್ ಕಾಫಿಯನ್ನು ಮತ್ತೆ ಕಟ್ಟಲು ನಾರ್ವೆ, ಜರ್ಮನಿ, ಅಮೆರಿಕ ನೆರವಾದವು. ನಡುವೆ ಎಬೋಲಾ ಬಂದು ಕೆಲಸ ನಿಂತಿತು. 2016ರ ಕೊನೆಗೆ ಮೊದಲ ಟರ್ಬೈನ್ ತಿರುಗಿತು. ಈಗ ಒಟ್ಟು ಸಾಮರ್ಥ್ಯ 88 ಮೆಗಾವಾಟ್. ಆದರೆ ಮೇಲೆ ದೊಡ್ಡ ಜಲಾಶಯವಿಲ್ಲ. ಮಳೆಗಾಲದಲ್ಲಿ ನೀರು ಚೆಲ್ಲಿ ಹೋಗುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಯಂತ್ರಕ್ಕೂ ನೀರು ಸಾಲುವುದಿಲ್ಲ. ಹಾಗಾದರೆ ಬೇಸಿಗೆಗೆ ಡೀಸೆಲ್ ಸುಡಬೇಕು, ಇಲ್ಲವೇ ಅನಿಲದಿಂದ ವಿದ್ಯುತ್ ಮಾಡುವ ಐವರಿ ಕೋಸ್ಟಿನಿಂದ ತರಬೇಕು. ಡೀಸೆಲ್ ಕಾಲದಲ್ಲಿ ಮಾನ್ರೋವಿಯಾದಲ್ಲಿ ಯೂನಿಟ್‌ಗೆ 50 ಸೆಂಟ್ ದಾಟಿತ್ತು, ನಮ್ಮ ಲೆಕ್ಕದಲ್ಲಿ 30 ರೂಪಾಯಿಗೂ ಮೇಲೆ. ಅಷ್ಟು ಕೊಟ್ಟು ಯಾವ ದರ್ಜಿ ಹೊಲಿಗೆ ಯಂತ್ರ ತಿರುಗಿಸಿಯಾನು? ತಂತಿ ಬೇಕಾಗಿತ್ತು ಮೇಡಂ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಲೋಡ್ ಡಿಸ್ಪ್ಯಾಚ್ ಹಳಬ, ಬೆಂಗಳೂರು

ಕಂಬತಂತಿಯವರ ಮಾತು ಪೂರ್ತಿ ಒಪ್ಪುತ್ತೇನೆ, ಆದರೆ ತಂತಿಯ ಇನ್ನೊಂದು ಗುಣ ಹೇಳಬೇಕು. ಮೂವತ್ತು ವರ್ಷ ಫ್ರೀಕ್ವೆನ್ಸಿಯ ಮುಳ್ಳು ನೋಡುತ್ತಾ ಕೂತವನು ನಾನು.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೇನೂ ಆಗಲಿಲ್ಲ. ಕಾರಣ, ಆಗ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ಕೂಡಿಸಿದ ಮೇಲೆ ಇಡೀ ದೇಶ ಒಂದೇ ಗ್ರಿಡ್ ಆಯಿತು. ಆ ದಿನ ಸಂತೋಷವೂ ಆಗಿತ್ತು, ಎದೆಯೂ ಬಡಿದುಕೊಳ್ಳುತ್ತಿತ್ತು. ಕೂಡಿದ ಮೇಲೆ ಅಲ್ಲಿಯ ತಪ್ಪು ಇಲ್ಲಿಗೂ ಬರುತ್ತದೆ.

ನಮ್ಮದು ಲಕ್ಷಾಂತರ ಮೆಗಾವಾಟ್ ವ್ಯವಸ್ಥೆ. ಒಂದು ಸ್ಥಾವರದಲ್ಲಿ 500 ಮೆಗಾವಾಟ್ ಯಂತ್ರ ನಿಂತರೂ ಬೇರೆಯವು ಹೆಗಲು ಕೊಡುತ್ತವೆ. ಸಿಯೆರಾ ಲಿಯೋನ್‌ನ ದೊಡ್ಡ ಜಲವಿದ್ಯುತ್ ಕೇಂದ್ರ ಬುಂಬುನಾದ ಸಾಮರ್ಥ್ಯ 50 ಮೆಗಾವಾಟ್. ಇಷ್ಟು ಸಣ್ಣ ಕಡೆ, ನೂರಾರು ಕಿಲೋಮೀಟರ್ ಆಚೆಯಿಂದ ಒಂದೇ ಮಾರ್ಗದಲ್ಲಿ ಬರುವ 30–40 ಮೆಗಾವಾಟ್ ಒಮ್ಮೆಗೇ ಟ್ರಿಪ್ ಆಗಿ ನಿಂತುಹೋದರೆ ರಾಜಧಾನಿಯೇ ಕೂತುಬಿಡುತ್ತದೆ. ಕಾಡಿನಲ್ಲಿ ಒಂದು ಮರ ತಂತಿಗೆ ತಾಗಿದರೂ ಸಾಕು. ತಂತಿಗೆ ಕೊಟ್ಟಷ್ಟೇ ಹಣವನ್ನು ಮೀಸಲು ಉತ್ಪಾದನೆಗೂ, ದೋಷ ಕಂಡೊಡನೆ ಆ ಭಾಗವನ್ನಷ್ಟೇ ಬೇರ್ಪಡಿಸುವ ರಕ್ಷಣಾ ರಿಲೇಗಳಿಗೂ ಕೊಡಬೇಕಿತ್ತು ಎಂದು ನನ್ನ ಅನಿಸಿಕೆ. ಉದ್ಘಾಟನೆಗೆ ಟವರ್ ಚೆನ್ನಾಗಿ ಕಾಣುತ್ತದೆ, ರಿಲೇ ಕಾಣುವುದಿಲ್ಲ.

ಮಾರುವವರ ಕಷ್ಟವನ್ನೂ ಗಮನಿಸಿ. 2021ರಲ್ಲಿ ಮಳೆ ಕೈಕೊಟ್ಟು, ಅನಿಲ ಸ್ಥಾವರವೊಂದು ಕೆಟ್ಟು, ಐವರಿ ಕೋಸ್ಟ್ ತನ್ನ ಜನರಿಗೇ ಸರದಿಯ ಮೇಲೆ ಕರೆಂಟು ಕೊಡಬೇಕಾಯಿತು. ಆಗ ನೆರೆಯವರಿಗೆ ಕಳಿಸುವುದನ್ನೂ ಕಡಿಮೆ ಮಾಡಿತು. ತನ್ನ ಮಕ್ಕಳ ತಟ್ಟೆ ಖಾಲಿ ಇಟ್ಟು ಪಕ್ಕದ ಮನೆಗೆ ಬಡಿಸು ಎಂದು ಯಾವ ಸರ್ಕಾರಕ್ಕೂ ಹೇಳಲಾಗದು.

ಅಕ್ರಾವಾಸಿ

ಹದಿನಾಲ್ಕು ವರ್ಷದಿಂದ ಘಾನಾದಲ್ಲಿದ್ದೇನೆ, ಔಷಧ ವ್ಯಾಪಾರ. ನೀವೆಲ್ಲ ಬಾಕಿ ಮತ್ತು ಟ್ರಿಪ್ ಬಗ್ಗೆ ಮಾತಾಡುತ್ತಿದ್ದೀರಿ. ನೈಜರ್ ದೇಶಕ್ಕೆ ಆದದ್ದನ್ನು ಯಾರೂ ಎತ್ತಲಿಲ್ಲ.

ನೈಜರ್ ತನಗೆ ಬೇಕಾದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 70 ಭಾಗವನ್ನು ನೈಜೀರಿಯಾದಿಂದ ಕೊಳ್ಳುತ್ತಿತ್ತು. ಬಿರ್ನಿನ್ ಕೆಬ್ಬಿಯಿಂದ ನಿಯಾಮೆಗೆ ಬರುವ 132 ಕಿಲೋವೋಲ್ಟ್ ಮಾರ್ಗವೇ ರಾಜಧಾನಿಯ ಉಸಿರು. 2023ರ ಜುಲೈ 26ರಂದು ಅಲ್ಲಿ ಸೇನೆ ಅಧ್ಯಕ್ಷರನ್ನು ಬಂಧಿಸಿತು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ದಿಗ್ಬಂಧನ ಹೇರಿತು. ಆಗಸ್ಟ್ ಮೊದಲ ವಾರದಲ್ಲೇ ನೈಜೀರಿಯಾ ಆ ಮಾರ್ಗ ಕಡಿದುಹಾಕಿತು. ಬಾಕಿಯ ಕಾರಣಕ್ಕಲ್ಲ, ರಾಜಕೀಯ ಶಿಕ್ಷೆಯಾಗಿ. ದಿಗ್ಬಂಧನ ತೆಗೆದದ್ದು 2024ರ ಫೆಬ್ರವರಿ ಕೊನೆಗೆ.

ನಿಯಾಮೆಯಲ್ಲಿ ನಮ್ಮಿಂದ ಔಷಧ ಕೊಳ್ಳುವ ವ್ಯಾಪಾರಿಯೊಬ್ಬರಿದ್ದಾರೆ. ಆ ಆಗಸ್ಟಿನಲ್ಲಿ ಫೋನ್ ಮಾಡಿದಾಗ ಅವರು ಸೇನೆಯ ಬಗ್ಗೆಯೂ ಮಾತಾಡಲಿಲ್ಲ, ಒಕ್ಕೂಟದ ಬಗ್ಗೆಯೂ ಮಾತಾಡಲಿಲ್ಲ. ಇನ್ಸುಲಿನ್ ಇಟ್ಟ ಫ್ರಿಜ್‌ಗೆ ದಿನಕ್ಕೆ ಎಷ್ಟು ಗಂಟೆ ಜನರೇಟರ್ ಹಾಕಿದರೆ ಸಾಕು, ಪೆಟ್ರೋಲ್ ಉಳಿಸಬೇಕು ಎಂದು ಕೇಳಿದರು. ಎರಡು ಗಂಟೆ ಬಿಟ್ಟು ಹಾಕಿ, ಬಾಗಿಲು ತೆರೆಯಬೇಡಿ ಎಂದು ಹೇಳಿ ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಆ ಮನುಷ್ಯ ಯಾರನ್ನು ಪದಚ್ಯುತಗೊಳಿಸಿದ್ದ?

ಬೇರೆಯವರ ಸ್ವಿಚ್ಚಿನ ಕೆಳಗೆ ಇಡೀ ದೇಶ ಬದುಕುವುದು ಸರಿಯಲ್ಲ ಎಂದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ. ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಜನವರಿ 29ಕ್ಕೆ ಒಕ್ಕೂಟ ಬಿಟ್ಟು ಹೊರನಡೆದವು. ಆ ಕತ್ತಲೂ ಅದಕ್ಕೆ ಒಂದು ಕಾರಣವೆಂದು ಇಲ್ಲಿ ಬಹಳ ಜನ ಹೇಳುತ್ತಾರೆ. ನೈಜರ್‌ಗೆ ಬೇಕಾದದ್ದು ತನ್ನದೇ ಸೌರಶಕ್ತಿ. ನಿಯಾಮೆಯ ಹೊರಗೆ ಗೊರು ಬಂಡಾದಲ್ಲಿ 30 ಮೆಗಾವಾಟಿನ ಸೌರ ಸ್ಥಾವರ ಅದೇ 2023ರಲ್ಲಿ ಶುರುವಾಯಿತು. ಅಂಥವು ಇನ್ನಷ್ಟು ಬರಲಿ.

ವರದಾಮೂಲ

ಅಕ್ರಾವಾಸಿಯವರೇ, ಇದು ಮನಸ್ಸಿಗೆ ತಟ್ಟಿತು. ಪಾಠದಲ್ಲಿ ಇದನ್ನೂ ಹೇಳಲೇಬೇಕು. ಇದರ ಹಿಂದಿನ ಕಥೆಯೊಂದನ್ನು ಓದಿದ್ದೇನೆ: ನೈಜರ್ ನದಿಗೆ ಮೇಲ್ಗಡೆ ನೈಜರ್ ದೇಶ ಅಣೆಕಟ್ಟು ಕಟ್ಟಿದರೆ ಕೆಳಗಿರುವ ನೈಜೀರಿಯಾದ ಕೈಂಜಿ ಜಲಾಶಯಕ್ಕೆ ನೀರು ಕಡಿಮೆಯಾಗುತ್ತದೆ, ಆದ್ದರಿಂದ ನೀವು ನದಿ ತಡೆಯಬೇಡಿ, ನಾವು ಅಗ್ಗಕ್ಕೆ ಕರೆಂಟು ಕೊಡುತ್ತೇವೆ ಎಂಬ ತಿಳಿವಳಿಕೆಯ ಮೇಲೆ ಆ ವ್ಯಾಪಾರ ನಿಂತಿತ್ತು. ನೀರು ಬಿಟ್ಟುಕೊಟ್ಟವರಿಗೆ ಬೆಳಕನ್ನೂ ನಿಲ್ಲಿಸಿದಂತಾಯಿತಲ್ಲ!

ಲೋಡ್ ಡಿಸ್ಪ್ಯಾಚ್ ಹಳಬ

ಅಕ್ರಾವಾಸಿಯವರ ಸಿಟ್ಟು ನ್ಯಾಯವಾದದ್ದು. ಆದರೆ ಅದೇ ಭೂಮಿಯಲ್ಲಿ ಬೇರೆ ದಾರಿಯೂ ಇದೆ. ಮಾಲಿಯ ಮನಂತಾಲಿ ಅಣೆಕಟ್ಟನ್ನು ನೋಡಿ. ಸೆನೆಗಲ್ ನದಿಯ ಉಪನದಿಯ ಮೇಲೆ, 200 ಮೆಗಾವಾಟ್. ಅಣೆಕಟ್ಟು ಇರುವುದು ಮಾಲಿಯ ನೆಲದಲ್ಲಿ, ಆದರೆ ಅದು ಮಾಲಿಯದಲ್ಲ. ಮಾಲಿ, ಸೆನೆಗಲ್, ಮಾರಿಟೇನಿಯಾ ಮೂರರ ಜಂಟಿ ಸ್ವತ್ತು. ವಿದ್ಯುತ್ತಿನ ಪಾಲು ಮಾಲಿಗೆ 52, ಸೆನೆಗಲ್‌ಗೆ 33, ಮಾರಿಟೇನಿಯಾಕ್ಕೆ 15. ಅಣೆಕಟ್ಟು 1988ಕ್ಕೆ ಮುಗಿದರೂ ವಿದ್ಯುತ್ ಹರಿಯಲು 2001 ದಾಟಬೇಕಾಯಿತು. ನಡುವೆ 1989ರಲ್ಲಿ ಸೆನೆಗಲ್ ಮತ್ತು ಮಾರಿಟೇನಿಯಾ ಯುದ್ಧದ ಅಂಚಿಗೆ ಹೋಗಿ, ಸಾವಿರಾರು ಜನ ಮನೆಮಠ ಬಿಟ್ಟು ಗಡಿ ದಾಟಿದರು. ಆದರೂ ಜಂಟಿ ಸಂಸ್ಥೆ ಮುರಿಯಲಿಲ್ಲ. ಮಾಲಿಯಲ್ಲಿ 2012, 2020, 2021ರಲ್ಲಿ ಸೇನಾ ದಂಗೆಗಳಾದವು. ಪಾಲಿನ ಲೆಕ್ಕ ಬದಲಾಗಲಿಲ್ಲ.

ಹೊಸಪೇಟೆಯವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಮಂಡಳಿ ಎರಡು ಕಡೆಯವರಿಗೂ ನೀರು, ವಿದ್ಯುತ್ ಹಂಚುತ್ತಾ ಬಂದಿದೆ. ಜಗಳ ಆಗಿಲ್ಲವೇ? ಬೇಕಾದಷ್ಟು. ಆದರೆ ಜಗಳ ಮಂಡಳಿಯ ಮೇಜಿನ ಮೇಲೆ ನಡೆಯಿತು. ಕೊಳ್ಳುವವನು ಮಾಲೀಕನೂ ಆಗಿದ್ದರೆ ಅವನನ್ನು ಹೊರಗೆ ಹಾಕುವುದು ಸುಲಭವಲ್ಲ. ನೈಜರ್ ಬರಿಯ ಗಿರಾಕಿಯಾಗಿತ್ತು.

ಕುಶಾಲನಗರದ ನಿವೃತ್ತ ಸೈನಿಕ

ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಕಾಂಗೋದ ಗೋಮಾದಲ್ಲಿ ಒಂದು ವರ್ಷ ಇದ್ದೆ. ವಿದ್ಯುತ್ ಶಾಸ್ತ್ರ ನನಗೆ ತಿಳಿಯದು, ಕಂಡದ್ದನ್ನು ಹೇಳುತ್ತೇನೆ.

ಗೋಮಾ ಇರುವುದು ಕಿವು ಸರೋವರದ ಉತ್ತರ ತುದಿಯಲ್ಲಿ. ದಕ್ಷಿಣ ತುದಿಯ ಬುಕಾವುವಿನಲ್ಲಿ ಸರೋವರದ ನೀರು ರುಜಿಜಿ ನದಿಯಾಗಿ ಇಳಿಯುತ್ತದೆ. ನದಿಯೇ ಕಾಂಗೋ ಮತ್ತು ರುವಾಂಡಾ ನಡುವಿನ ಗಡಿ. ಆ ಗಡಿಯ ಮೇಲೆಯೇ ವಿದ್ಯುತ್ ಕೇಂದ್ರಗಳು. ಎರಡನೆಯದನ್ನು ಕಾಂಗೋ, ರುವಾಂಡಾ, ಬುರುಂಡಿ ಮೂರೂ ಸೇರಿ ಕಟ್ಟಿದವು. ಸಿನೆಲಾಕ್ ಎಂಬ ಜಂಟಿ ಕಂಪನಿ 1983ರದು, ಕೇಂದ್ರ 1989ರದು, ಸುಮಾರು 44 ಮೆಗಾವಾಟ್. ಆಮೇಲೆ ಆ ಮೂರು ದೇಶಗಳಲ್ಲಿ ನಡೆದದ್ದನ್ನು ಬರೆಯಲು ಕೈ ನಡುಗುತ್ತದೆ. 1994ರ ರುವಾಂಡಾ ನರಮೇಧ, ಬುರುಂಡಿಯ ಅಂತರ್ಯುದ್ಧ, 1996 ಮತ್ತು 1998ರ ಕಾಂಗೋ ಯುದ್ಧಗಳು. ಒಬ್ಬರ ಮೇಲೊಬ್ಬರು ಸೈನ್ಯ ಕಳಿಸಿದರು. ಆ ಕಂಪನಿ ಮಾತ್ರ ಮೂವರದ್ದಾಗಿಯೇ ಉಳಿಯಿತು. 2025ರ ಆರಂಭದಲ್ಲಿ ಬಂಡುಕೋರರು ಗೋಮಾವನ್ನೂ ಬುಕಾವುವನ್ನೂ ಹಿಡಿದರು ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಅಣೆಕಟ್ಟು.

ಅದೇ ಕಾಂಗೋದ ಇನ್ನೊಂದು ತುದಿಯಲ್ಲಿ, 1998ರ ಆಗಸ್ಟಿನಲ್ಲಿ ಬಂಡುಕೋರರು ಇಂಗಾ ಅಣೆಕಟ್ಟು ಹಿಡಿದು ಕಿನ್ಶಾಸಾಗೆ ಕರೆಂಟು ನಿಲ್ಲಿಸಿದರು. ಇಂಗಾದ ಬೆಳಕು ಎದುರಾಳಿಯ ರಾಜಧಾನಿಯದಾಗಿತ್ತು, ನಿಲ್ಲಿಸಿದರು. ರುಜಿಜಿಯ ಬೆಳಕು ಹೊಡೆಯಲು ಬಂದವನ ಊರಿಗೂ ಹೋಗುತ್ತದೆ. ಸೈನಿಕನಾಗಿ ನನಗೆ ಇದಕ್ಕಿಂತ ಒಳ್ಳೆಯ ಕಾವಲು ಗೊತ್ತಿಲ್ಲ.

ಲೆಕ್ಕಪತ್ರ, ಮಂಗಳೂರು

ಇಷ್ಟು ಹೊತ್ತು ಓದುತ್ತಿದ್ದೆ. ವರದಾಮೂಲ ಮೇಡಂ ಕೇಳಿದ್ದು ಬಾಕಿಯ ಬಗ್ಗೆ. ಲೆಕ್ಕಪರಿಶೋಧನೆಯ ಕೆಲಸಕ್ಕೆ ಫ್ರೀಟೌನ್‌ನಲ್ಲಿ ಎಂಟು ತಿಂಗಳು ಇದ್ದವನು ನಾನು, ಯಾವ ಕಚೇರಿ ಎಂದು ಹೇಳಲಾರೆ. ದುಡ್ಡು ಎಲ್ಲಿ ಸೋರುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡಿ.

ನೂರು ಯೂನಿಟ್ ಕರೆಂಟು ನಗರಕ್ಕೆ ಬರುತ್ತದೆ. ಹಳೆಯ ತಂತಿಯಲ್ಲಿ ಬಿಸಿಯಾಗಿ ಹೋಗುವುದು ಒಂದಷ್ಟು. ಕದ್ದು ಎಳೆದುಕೊಳ್ಳುವುದು ಇನ್ನಷ್ಟು. ಪಕ್ಕದ ಲೈಬೀರಿಯಾದಲ್ಲಿ ಒಂದು ಕಾಲಕ್ಕೆ ಹೀಗೆ ನೂರಕ್ಕೆ 60ರಷ್ಟು ನಷ್ಟವಾಗುತ್ತಿತ್ತು. 2019ರಲ್ಲಿ ಕರೆಂಟು ಕಳವಿನ ವಿರುದ್ಧ ಅಲ್ಲಿ ಪ್ರತ್ಯೇಕ ಕಾನೂನೇ ಬಂತು. ಕದಿಯುವವರನ್ನು ಬೈಯುವ ಮೊದಲು ಒಂದು ಮಾತು: ಹೊಸ ಮೀಟರಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದು, ಕೊನೆಗೆ ಪಕ್ಕದ ಮನೆಯಿಂದ ತಂತಿ ಎಳೆದುಕೊಂಡು ಅವರಿಗೇ ಹಣ ಕೊಡುವವರನ್ನು ನಾನು ಬೀದಿಗೆ ಹತ್ತು ಕಂಡೆ. ಅವರು ಹಣ ಕೊಡುತ್ತಿದ್ದರು. ಆ ಹಣ ಕಂಪನಿಗೆ ಮುಟ್ಟುತ್ತಿರಲಿಲ್ಲ.

ಉಳಿದದ್ದಕ್ಕೆ ಬಿಲ್ಲು ಆಗುತ್ತದೆ. ಮನೆಯವರದು ಬಹುಮಟ್ಟಿಗೆ ಮುಂಗಡ ಮೀಟರು, ಮೊದಲು ದುಡ್ಡು, ಆಮೇಲೆ ಕರೆಂಟು. ಬಾಕಿ ಬೆಳೆಯುವುದು ಸರ್ಕಾರದ ಕಚೇರಿ, ನೀರು ಸರಬರಾಜು, ಇಂಥವರ ಕಡೆಯಿಂದ. ಸಂತೆಯಲ್ಲಿ ಮೀನು ಮಾರುವ ಹೆಂಗಸು ಮುಂಗಡ ಕಟ್ಟುತ್ತಾಳೆ, ಸಚಿವಾಲಯ ಕಟ್ಟುವುದಿಲ್ಲ. ಇದನ್ನು ಎಲ್ಲ ಕಡೆ ಕಂಡಿದ್ದೇನೆ, ನಮ್ಮ ದೇಶದಲ್ಲೂ.

ಮುಂದಿನದು ನಾಣ್ಯ. ಮೀಟರಿನಿಂದ ಬರುವುದು ಲಿಯೋನ್, ಹಡಗಿಗೂ ತಂತಿಗೂ ಕೊಡಬೇಕಾದದ್ದು ವಿದೇಶಿ ನಾಣ್ಯ. 2022ರಲ್ಲಿ ಆ ಲಿಯೋನ್‌ನ ಮೂರು ಸೊನ್ನೆ ಕತ್ತರಿಸಬೇಕಾಯಿತು ಎಂದರೆ ಅದರ ಪಾಡು ಊಹಿಸಿ. ಜನ ಕಟ್ಟಿದ ಹಣ ಡಾಲರ್ ಆಗುವಷ್ಟರಲ್ಲಿ ಕರಗಿರುತ್ತದೆ. ದರ ಏರಿಸಿದರೆ ಬೀದಿ ಹೊತ್ತಿಕೊಳ್ಳುತ್ತದೆ, ಏರಿಸದಿದ್ದರೆ ಖಜಾನೆ ತುಂಬಿಕೊಡಬೇಕು.

ಈಗ ಮುಖ್ಯ ವಿಷಯ. ಬ್ಯಾಂಕಿನಲ್ಲಿ ಸ್ವಲ್ಪವೇ ಹಣವಿದ್ದಾಗ ಯಾರಿಗೆ ಮೊದಲು ಕೊಡುತ್ತಾರೆ? ಯಾರು ಬೇಗ ಕರೆಂಟು ಕಡಿಯುತ್ತಾರೋ ಅವರಿಗೆ. 2023ರಲ್ಲಿ ಸುಮಾರು 4 ಕೋಟಿ ಡಾಲರ್ ಬಾಕಿಗಾಗಿ ಹಡಗಿನವರು ಫ್ರೀಟೌನ್‌ಗೆ ಕರೆಂಟು ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಗಿನಿ-ಬಿಸ್ಸಾವಿನ ರಾಜಧಾನಿಯನ್ನೂ ಅದೇ ಕಂಪನಿ ಕತ್ತಲಿಗೆ ಹಾಕಿತು; ಬಿಸ್ಸಾವಿಗೆ ಬೇರೆ ಆಸರೆಯೇ ಇರಲಿಲ್ಲ. ಹಡಗು ಲಂಗರು ಎತ್ತಿ ಹೊರಟುಹೋಗಬಲ್ಲದು. ತಂತಿಮಾರ್ಗ ಎಲ್ಲಿಗೂ ಹೋಗದು. ಅದರ ಮಾಲೀಕರು ನಾಲ್ಕು ಸರ್ಕಾರಗಳ ಕಂಪನಿಗಳು, ತಮ್ಮವರ ಮೇಲೆ ತಾವೇ ಎಷ್ಟು ಗದರಿಯಾರು? ಐವರಿ ಕೋಸ್ಟ್ ನೆರೆಯವರಿಗೆ ಸೈರಣೆ ತೋರಿಸುತ್ತದೆ. ಮಾಲಿಯ ವಿದ್ಯುತ್ ಕಂಪನಿ ಎಷ್ಟು ಬಾಕಿ ಇಟ್ಟರೂ, 2022ರಲ್ಲಿ ಮಾಲಿ ಐವರಿ ಕೋಸ್ಟಿನ 49 ಸೈನಿಕರನ್ನು ಹಿಡಿದಿಟ್ಟಾಗಲೂ, ಕರೆಂಟು ಪೂರ್ತಿ ಕಡಿಯಲಿಲ್ಲ. ಹೀಗೆ ಸೈರಣೆ ಇರುವವನೇ ಹಣದ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾನೆ. ಅಗ್ಗದ ಕರೆಂಟು ಕೊಡುವವನಿಗೆ ಕೊನೆಗೆ ಹಣ, ದುಬಾರಿ ಕರೆಂಟು ಕೊಡುವವನಿಗೆ ಮೊದಲು. ಮೇಡಂ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ತಂತಿ ಕಟ್ಟಿದ್ದು ತಪ್ಪಲ್ಲ, ಹಣದ ಸಾಲನ್ನು ತಲೆಕೆಳಗು ಬಿಟ್ಟದ್ದು ತಪ್ಪು. ಮೀಟರಿನಿಂದ ಬಂದ ಹಣದಲ್ಲಿ ನೆರೆಯವನ ಕರೆಂಟಿನ ಪಾಲು ಸಂಬಳಕ್ಕೂ ಮೊದಲು, ಸಚಿವರ ಸಹಿಗೆ ಕಾಯದೆ, ಪ್ರತ್ಯೇಕ ಖಾತೆಗೆ ಹೋಗಬೇಕು. ಒಪ್ಪಂದದಲ್ಲಿ ಇದನ್ನು ಬರೆಯುವುದು ಕಷ್ಟವಲ್ಲ. ಬರೆದ ಮೇಲೆ ಆ ಖಾತೆಗೆ ಯಾರೂ ಕೈ ಹಾಕದಂತೆ ನೋಡಿಕೊಳ್ಳುವುದು ಕಷ್ಟ.

ಅಕ್ರಾವಾಸಿ

ಲೆಕ್ಕಪತ್ರದವರೇ, ಒಪ್ಪಿದೆ. ಆದರೆ ಕಡ ಕೊಟ್ಟವನು ಕಡಿಯುವುದೂ, ಶಿಕ್ಷೆ ಕೊಡುವವನು ಕಡಿಯುವುದೂ ಬೇರೆ ಬೇರೆ. ಮೊದಲನೆಯದಕ್ಕೆ ಖಾತೆ ಸಾಕು. ಎರಡನೆಯದಕ್ಕೆ ಕಾನೂನು ಬೇಕು. ಪಶ್ಚಿಮ ಆಫ್ರಿಕಾ ಒಕ್ಕೂಟಕ್ಕೆ ವಿದ್ಯುತ್ ಹಂಚಿಕೆಯ ಸಂಸ್ಥೆಯಿದೆ, 1999ರಲ್ಲಿ ತೀರ್ಮಾನವಾದದ್ದು, ಕೊಟೊನೂದಲ್ಲಿ ಕಚೇರಿ. ಇಲ್ಲಿ ಅಕ್ರಾದಲ್ಲಿ ನಿಯಂತ್ರಣ ಪ್ರಾಧಿಕಾರವೂ ಇದೆ. 2018ರ ಜೂನ್‌ನಲ್ಲಿ ದೇಶಗಳ ನಡುವಿನ ವಿದ್ಯುತ್ ಮಾರುಕಟ್ಟೆಯ ಮೊದಲ ಹಂತವನ್ನೂ ಶುರು ಮಾಡಿದರು. ದಿಗ್ಬಂಧನ ಹೇರಿದರೂ ಆಸ್ಪತ್ರೆಯ, ನೀರಿನ ಕರೆಂಟು ಕಡಿಯಬಾರದು ಎಂಬ ಒಂದು ನಿಯಮವನ್ನು ಎಲ್ಲರೂ ಸೇರಿ ಬರೆಯಲಿ. ಆಗ ನಾನೂ ತಂತಿಯ ಪರ.

ಕಂಬತಂತಿ

ಅಕ್ರಾವಾಸಿಯವರೇ, ಆ ನಿಯಮಕ್ಕೆ ನನ್ನದೂ ಸಹಿ. ಸೌರಶಕ್ತಿಯ ಮಾತಿಗೂ ನನ್ನ ವಿರೋಧವಿಲ್ಲ. ನಿಯಾಮೆಗೆ ವರ್ಷವಿಡೀ ಬಿಸಿಲು. ಮಾನ್ರೋವಿಯಾದಲ್ಲಿ ಆರು ತಿಂಗಳು ಮೋಡ. ಆ ಆರು ತಿಂಗಳು ಅವರ ನದಿ ತುಂಬಿ ಹರಿಯುತ್ತದೆ, ಗಿನಿಯ ಸುಆಪಿಟಿ ಅಣೆಕಟ್ಟಿನ 450 ಮೆಗಾವಾಟ್ ಇದೆ. ಒಬ್ಬರ ಮಳೆ, ಇನ್ನೊಬ್ಬರ ಬಿಸಿಲು, ಮತ್ತೊಬ್ಬರ ಅನಿಲ ಒಂದು ಕಡೆ ಕೂಡುವುದು ತಂತಿಯ ಮೇಲೆ ತಾನೇ. ಸೆನೆಗಲ್, ಗ್ಯಾಂಬಿಯಾ, ಗಿನಿ-ಬಿಸ್ಸಾವ್, ಗಿನಿ ನಾಲ್ಕನ್ನು ಸುತ್ತುವ ಇನ್ನೊಂದು 225 ಕಿಲೋವೋಲ್ಟ್ ಮಾರ್ಗ ನಮ್ಮ ಮಾರ್ಗವನ್ನು ಲಿನ್ಸಾನ್‌ನಲ್ಲಿ ಕೂಡುತ್ತದೆ. ಹಡಗೊಂದನ್ನೇ ನಂಬಿದ್ದ ಬಿಸ್ಸಾವಿಗೆ ಅದು ಎಂಥ ಆಸರೆ ಎಂದು ಯೋಚಿಸಿ.

ವರದಾಮೂಲ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆ. ಒಂದು ಗಂಟೆಯ ಪಾಠಕ್ಕೆ ಕೇಳಿದ್ದೆ, ಒಂದು ವಾರದ ಪಾಠ ಸಿಕ್ಕಿತು. ಹಣದ ಸಾಲು ಮತ್ತು ಮನಂತಾಲಿಯ ಪಾಲು ಎರಡನ್ನೂ ಎದುರುಬದುರು ಇಟ್ಟು ಹುಡುಗರಿಗೆ ಲೆಕ್ಕ ಕೊಡುತ್ತೇನೆ.

ಕಂಬತಂತಿಯವರೇ, ಕೊನೆಯದಾಗಿ ಒಂದು ಕೇಳುವುದಿದೆ. ದಿಮ್ಮಿ ಸೇತುವೆ ಸರಿಮಾಡಿ ನಿಮ್ಮ ಡ್ರಮ್ ದಾಟಿಸಿದ ಆ ಊರಿನವರಿಗೆ ಕರೆಂಟು ಬಂತೇ?

ಕಂಬತಂತಿ

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು ಮೇಡಂ. ಊರಿನ ಹಿರಿಯರೂ ಇದನ್ನೇ ಕೇಳಿದ್ದರು. ತಂತಿ ಎಳೆದ ದಿನ ಅವರ ಮೆಣಸಿನ ತೋಟದ ಮೇಲೆ ತಂತಿಗಳು ಹಾದುಹೋದವು. ಇದು ನಮಗೆ ಯಾವಾಗ ಇಳಿಯುತ್ತದೆ ಎಂದು ಕೇಳಿದರು. 225 ಕಿಲೋವೋಲ್ಟಿನಿಂದ ಮನೆಗೆ ಇಳಿಸಲು ಕೋಟಿಗಟ್ಟಲೆ ಖರ್ಚಿನ ಉಪಕೇಂದ್ರ ಬೇಕು, ಪ್ರತಿ ಊರಿಗೂ ಅದನ್ನು ಕಟ್ಟಲಾಗದು, ಹತ್ತಿರದ ಉಪಕೇಂದ್ರದಿಂದ ಬೇರೆ ಕಂಬ ಬರಬೇಕು ಎಂದು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಒಂದು ಗೊನೆ ಬಾಳೆ ತಂದು ಲಾರಿಗೆ ಹಾಕಿದರು. ಅದನ್ನು ಹೇಗೆ ತೆಗೆದುಕೊಂಡೆನೋ ಇವತ್ತಿಗೂ ಗೊತ್ತಾಗುತ್ತಿಲ್ಲ.

ನಮ್ಮ ಲೈನ್‌ಮ್ಯಾನ್ ಈಗಲೂ ಸಂದೇಶ ಕಳಿಸುತ್ತಿರುತ್ತಾನೆ. ಹೋದ ಬೇಸಿಗೆಯಲ್ಲಿ ಒಂದು ಫೋಟೋ ಬಂತು. ಉಪಕೇಂದ್ರದ ಪಟ್ಟಣದಲ್ಲಿ ಸಂತೆಯ ಕಡೆ ದೀಪಗಳಿವೆ. ಅಲ್ಲಿಂದ ಆ ಊರಿನ ದಾರಿ ಹಿಡಿದು ಮರದ ಕಂಬ ನೆಡುತ್ತಾ ಬಂದಿದ್ದಾರೆ. ದಿಮ್ಮಿ ಸೇತುವೆಯ ಈಚೆಗೆ ಕೊನೆಯ ಕಂಬವಿದೆ. ತಂತಿ ಇನ್ನೂ ಎಳೆದಿಲ್ಲ.